ಕೊಡೆ ಬಿಚ್ಚಿದ ಪುಟ

ಶಿವರಾಮ ಮೇಷ್ಟ್ರು ಕೊಡೆ ಹಿಡಿಯುವುದಿಲ್ಲ ಎಂಬುದು ಶಿಕಾರಿಪುರದ ಅವರ ಬೀದಿಗೆಲ್ಲ ಗೊತ್ತಿತ್ತು. ಯಾಕೆ ಹಿಡಿಯುವುದಿಲ್ಲ ಎಂಬುದು ಗೊತ್ತಿದ್ದವರು ಒಬ್ಬೊಬ್ಬರಾಗಿ ಸತ್ತುಹೋಗಿದ್ದರು. ಒಬ್ಬೊಬ್ಬರು ಸತ್ತಾಗಲೂ ಮೇಷ್ಟ್ರು ತಪ್ಪದೆ ಮಣ್ಣಿಗೆ ಹೋಗಿ ಬಂದು, ಬಚ್ಚಲಲ್ಲಿ ತಲೆಗೆ ನೀರು ಸುರಿದುಕೊಳ್ಳುವಾಗ, ಸದ್ಯ ಇನ್ನೊಬ್ಬ ಕಡಿಮೆಯಾದ ಎಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೆ ನಾಚಿ, ಇನ್ನೊಂದು ಚೊಂಬು ಹೆಚ್ಚಿಗೆ ಸುರಿದುಕೊಳ್ಳುತ್ತಿದ್ದರು. ಈಗ ಆ ಸಂಗತಿ ಗೊತ್ತಿರುವುದು ಒಂದು ಪುಸ್ತಕಕ್ಕೆ ಮಾತ್ರ ಎಂದು ಅವರು ನಂಬಿದ್ದರು. ಆ ಪುಸ್ತಕದ ಬಾಯಿಯನ್ನೂ ಹೋದ ತಿಂಗಳು ತಮ್ಮ ಕೈಯಾರೆ ಮುಚ್ಚಿಸಿದ್ದರು. ಹೀಗಿರುವಾಗ ಇವತ್ತು ನೆಮ್ಮದಿಯಾಗಿರಬೇಕಿತ್ತು. ಆದರೆ ಬೆಳಿಗ್ಗೆಯಿಂದ ಅಂಗಿಯ ಕಾಲರು ಕತ್ತು ಕೊರೆಯುತ್ತಿತ್ತು, ಕನ್ನಡಿಯಲ್ಲಿ ಮುಖ ಯಾವನೋ ಸಾಲಗಾರನ ಮುಖದಂತೆ ಕಾಣುತ್ತಿತ್ತು, ಮತ್ತು ಅಡುಗೆಮನೆಯಿಂದ ನಾಗವೇಣಿ, ಇಷ್ಟು ವರ್ಷ ಸಂಸಾರ ಮಾಡಿಯೂ ಬುದ್ಧಿ ಬಾರದವಳ ಹಾಗೆ, "ಮೋಡ ಆಗಿದೆ, ಕೊಡೆ ತಗಂಡು ಹೋಗಿ ಮಾರಾಯ್ರೇ" ಎಂದು ಕೂಗಿದಳು. ಸೊರಬದ ಕಡೆಯ ಹೆಂಗಸು. ಮಾತು ಮೆತ್ತಗೆ, ನೆನಪು ಗಟ್ಟಿ. ಕೊಡೆ ಎಂದಾಗ ಅವಳ ದನಿಯಲ್ಲಿ ಏನಾದರೂ ಇತ್ತೇ ಎಂದು ಮೇಷ್ಟ್ರು ಕಿವಿಗೊಟ್ಟರು. ಒಗ್ಗರಣೆಯ ಸದ್ದು ಮಾತ್ರ ಕೇಳಿಸಿತು.

"ನೀನು ಬರಲ್ವೇನೇ? ಶಾಲು ಹೊದಿಸ್ತಾರಂತೆ ನನಗೆ."

"ಈ ಮಂಡಿ ಹೊತ್ಕಂಡು ಎಲ್ಲಿಗೆ ಬರೂದು. ಶಾಲು ಮನೆಗೇ ಬರ್ತದಲ್ಲ, ಇಲ್ಲೇ ನೋಡ್ತೆ."

ಅವಳು ಬಾರದಿರುವುದೇ ಒಳ್ಳೆಯದು ಎಂದು ಮೇಷ್ಟ್ರಿಗೆ ಹಾಯೆನಿಸಿತು. ಹಾಯೆನಿಸಿದ್ದು ಮುಖದಲ್ಲಿ ಕಾಣದಿರಲೆಂದು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು. ಬೀದಿಗೆ ಇಳಿದರೆ ಮೋಡವೂ ಇಲ್ಲ, ಏನೂ ಇಲ್ಲ. ಆನವಟ್ಟಿಯ ಆ ವೈಶಾಖದ ಬಿಸಿಲಿನ ತಮ್ಮನಂಥ ಬಿಸಿಲು ನೆತ್ತಿಯ ಮೇಲೆ ಕೂತಿತ್ತು. ಆಗ ಅವರು ಆನವಟ್ಟಿಯ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಹೆಡ್ ಮೇಷ್ಟ್ರ ತಮ್ಮನ ಮಗಳ ಮದುವೆ. ಶಾಲೆಗೆ ಶಾಲೆಯೇ ಊಟಕ್ಕೆ ಹೋಗಿತ್ತು. ನಾಗವೇಣಿಗೆ ತಿಂಗಳು ತುಂಬಿ ಎದ್ದು ಓಡಾಡಬಾರದೆಂದು ಡಾಕ್ಟರು ಹೇಳಿದ್ದರು. ಅವಳು ಇಂಥದು ತಿನ್ನಬೇಕು ಅನ್ನಿಸುತ್ತದೆ ಎಂದು ಒಂದು ದಿನವೂ ಬಾಯಿಬಿಟ್ಟು ಕೇಳಿದವಳಲ್ಲ; ಆ ಬೆಳಿಗ್ಗೆ ಮಾತ್ರ ಗೋಡೆ ನೋಡಿಕೊಂಡು, "ಆ ಮದುವೇಲಿ ಕಾಯಿ ಹೋಳಿಗೆಯಂತೆ" ಎಂದಿದ್ದಳು. ಅಷ್ಟೇ. ಅಡುಗೆಯವರನ್ನು ಕೇಳಿ ಎರಡು ಹೋಳಿಗೆ ಕಟ್ಟಿಸಿಕೊಳ್ಳಬಹುದಿತ್ತು, ಯಾವ ಮನುಷ್ಯನಾದರೂ ಕೇಳುತ್ತಿದ್ದ. ಪಂಡಿತರು ಕೇಳಲಿಲ್ಲ. ಅಡುಗೆ ಭಟ್ಟನ ಎದುರು ಕೈಯೊಡ್ಡಿ ನಿಲ್ಲುವುದು ತಮ್ಮ ಘನತೆಗೆ ಕಡಿಮೆಯೆಂದು, ಘನತೆ ಉಳಿಸಿಕೊಳ್ಳುವ ಸಲುವಾಗಿ, ಎರಡು ಹೋಳಿಗೆಯನ್ನು ಒಂದೊಂದು ಬಾಳೆಲೆಯ ಚೂರಿನಲ್ಲಿ ಸುತ್ತಿ, ಮೊಣಕಾಲಿಗೆ ಒರಗಿಸಿಟ್ಟಿದ್ದ ಕೊಡೆಯೊಳಗೆ ಇಳಿಬಿಟ್ಟರು. ಹೊರಗೆ ಬಂದಾಗ ಹೆಡ್ ಮೇಷ್ಟ್ರು ಬಿಸಿಲಿಗೆ ಕಣ್ಣು ಕಿರಿದು ಮಾಡಿ, "ಪಂಡಿತರೇ, ಕೊಡೆ ಬಿಚ್ಚಬಾರದೇ" ಎಂದರು. "ಬಿಸಿಲು ಮೈಗೆ ಒಳ್ಳೇದು ಸಾರ್" ಎಂದರು ಪಂಡಿತರು. ಹೆಡ್ ಮೇಷ್ಟ್ರು ನಗುತ್ತ ತಾವೇ ಕೊಡೆ ಕಸಿದು ಬಿಚ್ಚಿದರು. ಬಿದ್ದದ್ದು ಒಂದೇ ಒಂದು ಹೋಳಿಗೆ. ಹೆಡ್ ಮೇಷ್ಟ್ರ ಹೆಗಲ ಮೇಲೆ ಬಿತ್ತು, ಅಲ್ಲಿಂದ ಜಾರಿ ಧೂಳಿಗೆ ಬಿತ್ತು. ಒಂದು ಗಳಿಗೆ ಯಾರೂ ನಗಲಿಲ್ಲ, ಮತ್ತು ಆ ಒಂದು ಗಳಿಗೆ ಮುಂದಿನ ನಗುವೆಲ್ಲದಕ್ಕಿಂತ ಭಾರವಾಗಿತ್ತು.

ಅಷ್ಟಕ್ಕೇ ನಿಂತಿದ್ದರೆ ಊರಿನವರು ಎರಡು ತಿಂಗಳು ನಕ್ಕು ಮರೆಯುತ್ತಿದ್ದರು. ಆದರೆ ಆ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ಸಣ್ಣಬೀರಪ್ಪ ಇದ್ದ. ತಾಳಗುಂದದ ಹತ್ತಿರದ ಹಳ್ಳಿಯವನು, ಕುತ್ತಿಗೆಯಲ್ಲಿ ಸೀಟಿ, ಕಾಲಲ್ಲಿ ಕ್ಯಾನ್ವಾಸ್ ಬೂಟು, ಬರೆದರೆ ಮಕ್ಕಳ ಹಾಜರಿಗಿಂತ ಹೆಚ್ಚು ಬರೆಯಲಾರದವನು ಎಂದು ಪಂಡಿತರು ತಿಳಿದಿದ್ದರು. ಅವನು ಸದ್ದಿಲ್ಲದೆ ಒಂದು ಕಾದಂಬರಿ ಬರೆದುಬಿಟ್ಟ. ಹೆಸರು 'ಸೀಟಿ'. ಸೊರಬದ ಒಂದು ಪ್ರೆಸ್ಸಿನಲ್ಲಿ ತನ್ನ ದುಡ್ಡಿನಲ್ಲೇ ಅಚ್ಚು ಹಾಕಿಸಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಎರಡು ತಾಲ್ಲೂಕಿನ ಶಾಲೆಶಾಲೆಗೆ ಹೊತ್ತು ಹಂಚಿದ. ಮೂವತ್ತು ವರ್ಷ ಅಲಂಕಾರ ಛಂದಸ್ಸು ಪಾಠ ಹೇಳಿದ ತಾವು ಮೂರು ಪದ್ಯದ ಆಚೆ ಹೋಗಲಿಲ್ಲ. ಲೆಫ್ಟ್ ರೈಟ್ ಹೇಳಿಕೊಡುವವನು ಕಾದಂಬರಿಕಾರನಾದ! ಅದರಲ್ಲಿ ಪದ್ಮನಾಭ ಪಂಡಿತ ಅಂತ ಒಬ್ಬ ಬರುತ್ತಾನೆ, ಮದುವೆ ಮನೆಯಲ್ಲಿ ಅವನ ಕೊಡೆ ಬಿಚ್ಚುತ್ತಾರೆ, ಹೋಳಿಗೆಯ ಮಳೆ ಸುರಿಯುತ್ತದೆ. ಮಳೆ! ಬಿದ್ದದ್ದು ಒಂದು. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು ಆ ಪುಟವನ್ನು ಎದ್ದು ನಿಂತು ಓದಿದಾಗ ಶಿವರಾಮ ಮೇಷ್ಟ್ರು ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು ಕ್ಲಾಸು ಇಲ್ಲದ ಕೋಣೆಗೆ ಹೋಗಿ ಖಾಲಿ ಬೆಂಚುಗಳಿಗೆ ಸಂಧಿ ಪಾಠ ಮಾಡಿದ್ದರು. ಆ ಪುಸ್ತಕವನ್ನು ಅವರು ಕೈಯಲ್ಲಿ ಹಿಡಿಯಲೇ ಇಲ್ಲ. ಅಂದಿನಿಂದ ಕೊಡೆಯನ್ನೂ ಹಿಡಿಯಲಿಲ್ಲ. ಸಣ್ಣಬೀರಪ್ಪ ಎದುರಿಗೆ ಬಂದು, "ಮೇಷ್ಟ್ರೆ, ಪೂರ್ತಿ ಓದ್ರಿ, ಆಮ್ಯಾಲೆ ಬೈರಿ" ಅಂದದ್ದುಂಟು. ಬಿಟ್ಟಿ ಬುದ್ಧಿ ಬೇಡ ಎಂದು ಇವರು ಬೆನ್ನು ತಿರುಗಿಸಿದರು. ಅವನು ಸತ್ತಾಗ ಮಣ್ಣಿಗೆ ಹೋಗಿದ್ದರು, ಎರಡು ಚೊಂಬು ಹೆಚ್ಚಿಗೆ ಸುರಿದುಕೊಂಡಿದ್ದರು.

ವಾಚನಾಲಯದ ಮುಂದೆ ಶಾಮಿಯಾನ ಕಟ್ಟಿದ್ದರು. ಈ ಸಡಗರಕ್ಕೆಲ್ಲ ಕಾರಣ ಒಂದು ಯಂತ್ರ. ಹಳೆಯ ಪುಸ್ತಕಗಳ ಚಿತ್ರ ತೆಗೆದು, ಚಿತ್ರದೊಳಗಿನ ಅಕ್ಷರಗಳನ್ನು ತಾನೇ ಓದಿ, ಟೈಪು ಮಾಡಿದಂತೆ ಬರೆದುಕೊಡುವ ಯಂತ್ರ. ಇನ್ನು ಮುಂದೆ ಎರಡು ತಾಲ್ಲೂಕಿನಲ್ಲಿ ಅಚ್ಚಾದ ಪುಸ್ತಕವೆಲ್ಲ ಫೋನಿನಲ್ಲಿ ಬರುತ್ತದೆ, ಯಾವ ಪದ ಬೇಕೋ ಹುಡುಕಿದರೆ ಕ್ಷಣದಲ್ಲಿ ಸಿಗುತ್ತದೆ ಎಂದು ಹೇಳಿಕೊಂಡು, ಈ ಯೋಜನೆ ನಡೆಸುವ ಹೇಮಂತ್ ಎಂಬ ಅಚ್ಚುಕಟ್ಟು ಗಡ್ಡದ ಯುವಕ ವರ್ಷದ ಹಿಂದೆ ಬಂದಿಳಿದಿದ್ದ. ಅವನು ಮೊದಲು ಮಾಡಿದ ಕೆಲಸ ಪುಸ್ತಕಗಳ ಬೆನ್ನು ಕತ್ತರಿಸಿದ್ದು. ಬೆನ್ನಿದ್ದರೆ ಹಾಳೆಗಳು ಯಂತ್ರದೊಳಗೆ ಸರಾಗ ಓಡುವುದಿಲ್ಲವಂತೆ. ವಾಚನಾಲಯದ ಮೇಡಂ ಶಾಲಿನಿ ಅಳುಮುಖ ಮಾಡಿಕೊಂಡು ನಿಂತಿದ್ದಳು. ಅಧ್ಯಕ್ಷ ಉಚ್ಚಂಗಪ್ಪ, ಮೆಕ್ಕೆಜೋಳದ ದಲ್ಲಾಳಿ, ವಾಚನಾಲಯದಿಂದ ಹುಟ್ಟಿದಾರಭ್ಯ ಒಂದು ಪುಸ್ತಕವನ್ನೂ ಒಯ್ಯದವರು, "ತೆನೆ ಬಿಡಿಸ್ದೆ ಕಾಳು ಬರ್ತಾವೇನಮ್ಮಾ" ಎಂದು ಸಮಾಧಾನ ಹೇಳಿದ್ದರು. ಯಂತ್ರ ಓದುತ್ತಿದ್ದುದೂ ಚೆನ್ನಾಗಿಯೇ ಇತ್ತು. ಒತ್ತಕ್ಷರ ಕಂಡರೆ ತಡವರಿಸುತ್ತಿತ್ತು, ಗೆದ್ದಲು ಕೊರೆದ ತೂತುಗಳನ್ನೆಲ್ಲ ಸೊನ್ನೆಯೆಂದು ಓದುತ್ತಿತ್ತು, ನಶ್ಯದ ಕಲೆಯಲ್ಲಿಯೂ ಏನೋ ಅರ್ಥ ಕಾಣುತ್ತಿತ್ತು. ಅದು ಬರೆದದ್ದನ್ನು ತಿದ್ದಲು ನಿವೃತ್ತ ಮೇಷ್ಟ್ರುಗಳನ್ನು ಕರೆದರು. ಪರದೆಯ ಎಡಕ್ಕೆ ಪುಟದ ಚಿತ್ರ, ಬಲಕ್ಕೆ ಯಂತ್ರ ಓದಿ ಬರೆದದ್ದು; ನೋಡಿಕೊಂಡು ತಿದ್ದಿ, ಹಸಿರು ಗುಂಡಿ ಒತ್ತಿದರೆ ಮುಗಿಯಿತು. ಆದರೆ ಒಂದು ಪುಟವಾದ ಮೇಲೆ ಅದರ ಮುಂದಿನ ಪುಟ ಬರುವುದಿಲ್ಲ. ತಾಳಗುಂದದ ಶಾಸನದ ಪುಸ್ತಕದ ಒಂದು ಹಾಳೆ, ಆಮೇಲೆ ಯಾರದೋ ಅಡುಗೆ ಪುಸ್ತಕದ್ದು, ಆಮೇಲೆ ಸೋಬಾನೆ ಹಾಡು.

"ಇದೇನಪ್ಪ ಹೀಗೆ?" ಎಂದು ಮೇಷ್ಟ್ರು ಮೊದಲ ದಿನವೇ ಕೇಳಿದ್ದರು.

"ಬೇಕು ಅಂತಲೇ ಹಾಗೆ ಮಾಡಿರೋದು ಸರ್. ಪುಟಾನೆಲ್ಲ ಕಲೆಸಿ ಎಲ್ಲರಿಗೂ ಹಂಚಿಬಿಡ್ತೀವಿ. ಸಾಲಾಗಿ ಕೊಟ್ರೆ ಜನ ಕಥೆ ಓದ್ತಾ ಕೂತುಬಿಡ್ತಾರೆ. ಓದೋಕೆ ಶುರು ಮಾಡಿದ್ರೆ ಕೆಲಸ ನಿಲ್ಲುತ್ತೆ."

ವಾಚನಾಲಯದಲ್ಲಿ ಕೂತು ಒಬ್ಬನು ಈ ಮಾತು ಹೇಳಿದ್ದು ಕೇಳಿ ಮೇಷ್ಟ್ರಿಗೆ ನಗು ಬಂದಿತ್ತು. ನಗಲಿಲ್ಲ, ಯಾಕೆಂದರೆ ಆ ಖುರ್ಚಿ, ಆ ಫ್ಯಾನು, "ಮೇಷ್ಟ್ರೆ ಬರ್ರಿ, ಕೂತ್ಕರ್ರಿ" ಎಂದು ಶಾಲಿನಿ ತಂದಿಡುತ್ತಿದ್ದ ಚಹಾ, ಇವೆಲ್ಲ ನಿವೃತ್ತಿಯ ಮೇಲೆ ಅವರಿಗೆ ಬಹಳ ಬೇಕಾಗಿದ್ದವು. ಮತ್ತೆ ಕೈಗೆ ತಿದ್ದುವುದಕ್ಕೆ ಏನೋ ಸಿಕ್ಕಿತ್ತು. ಮೊದಮೊದಲು ಯಂತ್ರದ ತಪ್ಪು ಮಾತ್ರ ತಿದ್ದಿದರು. ಆಮೇಲೆ ಅಡುಗೆ ಪುಸ್ತಕದ ಹೆಂಗಸು ಬರೆದ ಒಂದು ವಾಕ್ಯ ಸಡಿಲವಾಗಿ ಕಂಡಿತು, ಬಿಗಿ ಮಾಡಿದರು. ಯಾವನೋ ಕವಿ ಚಂದ್ರನನ್ನು ಎರಡು ಸಲ ತಂದಿದ್ದ, ಒಬ್ಬ ಚಂದ್ರನನ್ನು ತೆಗೆದರು. ಯಾರೂ ಕೇಳಲಿಲ್ಲ. ಸತ್ತ ಲೇಖಕರು ಹತ್ತನೇ ಕ್ಲಾಸಿನ ಹುಡುಗರಿಗಿಂತ ವಿಧೇಯರು ಎಂಬುದು ಅವರಿಗೆ ಆಗ ತಿಳಿಯಿತು.

ಆಮೇಲೆ ಒಂದು ಮಧ್ಯಾಹ್ನ, ಶುಂಠಿ ಬೆಳೆಯ ಒಂದು ಹಾಳೆಗೆ ಹಸಿರು ಗುಂಡಿ ಒತ್ತಿದ ಮೇಲೆ, ಪರದೆಯ ಎಡಕ್ಕೆ ಆ ಪುಟ ಬಂದು ನಿಂತಿತು. ಪುಟದ ತಲೆಯಲ್ಲಿ 'ಸೀಟಿ' ಎಂದಿತ್ತು. ಮೇಷ್ಟ್ರು ಸುತ್ತ ನೋಡಿದರು. ಶಾಲಿನಿ ಫೋನಿನಲ್ಲಿ ಯಾರೊಂದಿಗೋ ಗ್ಯಾಸ್ ಸಿಲಿಂಡರಿನ ವಿಷಯ ಮಾತಾಡುತ್ತಿದ್ದಳು. ಮೇಷ್ಟ್ರು ಖುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಎಲ್ಲ ಹಾಗೆಯೇ ಇತ್ತು: ಬಿಸಿಲು, ಹೆಡ್ ಮೇಷ್ಟ್ರ ಕಿರಿದು ಮಾಡಿದ ಕಣ್ಣು, ಬಿಸಿಲು ಮೈಗೆ ಒಳ್ಳೇದು ಸಾರ್, ಮಳೆ. ಯಂತ್ರ ಉಳಿದ ಪುಸ್ತಕಗಳಲ್ಲಿ ಹೆಜ್ಜೆಹೆಜ್ಜೆಗೆ ಎಡವಿತ್ತು. ಈ ಒಂದು ಪುಟವನ್ನು ಮಾತ್ರ ಹಾಳಾದ್ದು ಸ್ವಚ್ಛವಾಗಿ ಓದಿತ್ತು. ಅವರು ಅದನ್ನು ಓದಿದರು, ಮತ್ತೆ ಓದಿದರು, ಬಾಯಿಪಾಠವಾಗುವಷ್ಟು ಓದಿದರು. ಇದು ಫೋನಿಗೆ ಹೋಗುತ್ತದೆ. ಹೋಳಿಗೆ ಮಾಡುವುದು ಹೇಗೆಂದು ಹುಡುಕಿದ ಹುಡುಗಿಗೂ ಇದು ಸಿಗುತ್ತದೆ. ಶಿರಾಳಕೊಪ್ಪದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಮಗ ಅರುಣ, ಅಂದು ಆ ಹೊಟ್ಟೆಯಲ್ಲಿದ್ದವನು, ಅವನ ಮಕ್ಕಳು, ಅವರ ಮಕ್ಕಳು, ಎಲ್ಲರಿಗೂ ಇದು ಸಿಗುತ್ತಲೇ ಇರುತ್ತದೆ. ಕಾಗದದ ಪುಸ್ತಕವಾದರೆ ಗೆದ್ದಲಾದರೂ ತಿನ್ನುತ್ತಿತ್ತು. ಮೇಷ್ಟ್ರು ಮೊದಲು ಮಳೆ ಎಂಬುದನ್ನು ತೆಗೆದು ಒಂದು ಎಂದು ಮಾಡಿದರು, ಅದು ನಿಜವಾದ ತಿದ್ದುಪಡಿಯೇ. ಅಲ್ಲಿಗೆ ಕೈ ನಿಲ್ಲಲಿಲ್ಲ. ಆ ಕಾದಂಬರಿಯ ಕಥೆ ಹೇಳುವವನು 'ನಾನು', ಅಂದರೆ ಡ್ರಿಲ್ ಮೇಷ್ಟ್ರು. ಕೊಡೆಯನ್ನು ಪಂಡಿತನ ಕೈಯಿಂದ ಬಿಡಿಸಿ ಆ 'ನಾನು'ವಿನ ಕೈಗೆ ಕೊಟ್ಟರು. ಕೊಟ್ಟ ಮೇಲೆ ಸುಖವಾಯಿತು. ಸುಖವಾದದ್ದಕ್ಕೆ ಮಳೆಯನ್ನು ಮತ್ತೆ ವಾಪಸು ತಂದರು. ಅವನ ಕೊಡೆಯಿಂದ ತಾನೇ, ಎಷ್ಟು ಬಿದ್ದರೇನು. ಪಂಡಿತನಿಗೆ ಒಂದು ಮಾತು ಬರೆದುಕೊಟ್ಟರು: "ಡ್ರಿಲ್ ಮೇಷ್ಟ್ರೇ, ಎಲೆಗೆ ಬಡಿಸಿದ್ದನ್ನು ಎಲೆಯಲ್ಲೇ ಉಣ್ಣಬೇಕು. ಮಕ್ಕಳಿಗೆ ಪಾಠ ಹೇಳುವ ನಾವು ಹೀಗೆ ಬಚ್ಚಿಡಬಾರದು." ಪುಟದ ಕೊನೆಗೆ, "ಆಗ ನಾವೆಲ್ಲ ನಕ್ಕೆವು. ಆದರೆ" ಎಂದಿತ್ತು. ಪುಟ ಅಲ್ಲಿಗೆ ಮುಗಿದಿತ್ತು. ಆದರೆ ಎಂದು ಹೇಳಿ ಸುಮ್ಮನಾಗುವುದು ಡ್ರಿಲ್ ಮೇಷ್ಟ್ರ ಕನ್ನಡ ಎಂದುಕೊಂಡು, ಮೇಷ್ಟ್ರು ಆ ಪದವನ್ನೂ ಅಳಿಸಿ ಹಸಿರು ಗುಂಡಿ ಒತ್ತಿದರು. ಮುಂದಿನದು ಕೋಳಿ ಸಾಕಣೆಯ ಒಂದು ಪುಟ ಬಂತು.

ಶಾಮಿಯಾನದೊಳಗೆ ಮೊದಲ ಸಾಲಿನಲ್ಲಿ ಅವರನ್ನು ಕೂರಿಸಿದ್ದರು. ಉಚ್ಚಂಗಪ್ಪನವರು ಭಾಷಣಕ್ಕೆ ನಿಂತು, "ಜೋಳ ಬಿಡಿಸೋ ಮಿಷನ್ ಬಂದಂಗೆ ಈಗ ಅಕ್ಷರ ಬಿಡಿಸೋ ಮಿಷನ್ ಬಂದೈತಿ. ಇನ್ನ ಮ್ಯಾಲೆ ಯಾರೂ ಲೈಬ್ರರಿಗೆ ಬರೋ ತ್ರಾಸೇ ಇಲ್ಲ" ಎಂದು ವಾಚನಾಲಯದ ಏಳಿಗೆಯನ್ನು ಸಾರಿದರು. ಚಪ್ಪಾಳೆ ಬಿತ್ತು. ಶಾಲಿನಿ ತಲೆ ತಗ್ಗಿಸಿ ಮಡಿಚಿದ ಶಾಲನ್ನು ಮತ್ತೆ ಮಡಿಚುತ್ತಿದ್ದಳು. ಆಮೇಲೆ ಹೇಮಂತ್ ಎದ್ದು, ಮೊಟ್ಟಮೊದಲಿಗೆ, ಎರಡು ತಾಲ್ಲೂಕು ಹುಡುಕಿದರೂ ಆನವಟ್ಟಿ ಲೈಬ್ರರಿಯ ಒಂದೇ ಪ್ರತಿ ಸಿಕ್ಕ ಪುಸ್ತಕವನ್ನು ಎಲ್ಲರೆದುರು ತೆರೆಯುವುದಾಗಿಯೂ ಅದನ್ನು ಬರೆದವರ ಮಗಳೇ ಬಂದಿರುವುದಾಗಿಯೂ ಹೇಳಿದ. ಸಣ್ಣಬೀರಪ್ಪನ ಮಗಳು ಯಶೋಧರಾ, ಸೊರಬದಲ್ಲಿ ನರ್ಸು, ಚಿಕ್ಕಂದಿನಲ್ಲಿ ಇವರ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು, ಅಪ್ಪನದೇ ಅಗಲ ಹಣೆ ಹೊತ್ತುಕೊಂಡು ವೇದಿಕೆ ಹತ್ತಿದಳು.

"ನಮ್ಮಪ್ಪಾಜಿ ಬುಕ್ಕು ನಮ್ಮನೇಲೇ ಒಂದೂ ಉಳಿದಿಲ್ರೀ," ಎಂದಳು. "ಇದ್ದಾಗ ನಾನು ಓದ್ಲಿಲ್ಲ, ಓದ್ಬೇಕು ಅನ್ಸಿದಾಗ ಗೆದ್ಲು ತಿಂದಿತ್ತು. ಇವತ್ತು ಎಲ್ಲಾರ ಮುಂದೆ ಓದ್ತೀನಿ. ಎಲ್ಲಿಂದ ಓದ್ಲಿ?"

"ಹೋಳಿಗೆ ಅಂತ ಹುಡುಕು!" ಎಂದು ಹಿಂದಿನಿಂದ ಯಾವುದೋ ಮುದಿ ದನಿ ಕೂಗಿತು. ಎಲ್ಲರೂ ಸತ್ತಿರಲಿಲ್ಲ.

ಹೇಮಂತ್ ಒತ್ತಿದ. ಯಂತ್ರ ಕ್ಷಣದಲ್ಲಿ ಹುಡುಕಿ ಕೊಟ್ಟಿತು. ಗೋಡೆಯ ಮೇಲೆ ಆ ಪುಟ ಬಾಗಿಲಿನಷ್ಟು ದೊಡ್ಡದಾಗಿ ಬಂದು ನಿಂತಿತು ಮತ್ತು ಯಶೋಧರಾ ಓದತೊಡಗಿದಳು. ಮದುವೆ, ಬಿಸಿಲು. ಹೆಡ್ ಮೇಷ್ಟ್ರು ಕೊಡೆ ಕಸಿದುಕೊಂಡದ್ದು ನನ್ನಿಂದ. ಹೋಳಿಗೆಗಳು ಸುರಿದದ್ದು ನನ್ನ ಕೊಡೆಯಿಂದ. ಅವಳ ದನಿ ಒಂದು ಕಡೆ ಸಿಕ್ಕಿಕೊಂಡಿತು. ಪರದೆಯ ಕಡೆಗೊಮ್ಮೆ ತಿರುಗಿ ನೋಡಿದಳು. ಈಗ ಕೇಳುತ್ತಾಳೆ, ಇದು ನಮ್ಮಪ್ಪ ಬರೆದದ್ದಲ್ಲ ಎನ್ನುತ್ತಾಳೆ ಎಂದು ಮೇಷ್ಟ್ರು ಖುರ್ಚಿಯ ಕೈ ಹಿಡಿದುಕೊಂಡರು. ಅವಳ ಕಣ್ಣು ತುಂಬಿತ್ತು. "ನೋಡ್ರಿ ನಮ್ಮಪ್ಪಾಜಿನಾ," ಎಂದಳು, "ತಾನು ಮಾಡಿದ್ದನ್ನ ಮುಚ್ಚಿಡ್ಲೇ ಇಲ್ಲ. ಎಲ್ಲಾರಿಗೂ ಕಾಣೋ ಹಂಗೆ ಬರ್ದಿಟ್ಟಾರೆ." ಸಭೆ ಮನಸಾರೆ ಚಪ್ಪಾಳೆ ತಟ್ಟಿತು. ಮುದುಕನೊಬ್ಬ ಎದ್ದು ನಿಂತೇ ತಟ್ಟಿದ. ಮೇಷ್ಟ್ರೂ ತಟ್ಟಬೇಕಾಯಿತು. ಇಷ್ಟು ವರ್ಷ ತಾವು ಹೊತ್ತ ಅವಮಾನವನ್ನು ಒಂದು ಮಧ್ಯಾಹ್ನ ಅವನ ತಲೆಗೆ ಹೇರಿದರೆ, ಆ ಡ್ರಿಲ್ ಮೇಷ್ಟ್ರು ಸತ್ತ ಮೇಲೂ ಅದನ್ನು ಪದಕದ ಹಾಗೆ ಎದೆಗೆ ಸಿಕ್ಕಿಸಿಕೊಂಡು ನಿಂತಿದ್ದ.

ಪಂಡಿತನ ಉಪದೇಶ ಬಂದಾಗ ಒಬ್ಬಿಬ್ಬರು ಆಕಳಿಸಿದರು. ಇನ್ನೇನು ಮುಗಿಯಿತು ಎನ್ನುವಾಗ ಯಶೋಧರಾ ಹೇಮಂತನಿಗೆ ಸನ್ನೆ ಮಾಡಿದಳು, ಅವನು ಮುಂದಿನ ಪುಟ ತೆರೆದ. ಮೇಷ್ಟ್ರು ಆ ಪುಟವನ್ನು ಎಂದೂ ನೋಡಿರಲಿಲ್ಲ. ಅದು ಇನ್ಯಾರದೋ ಪಾಲಿಗೆ ಹೋಗಿತ್ತು. "ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ," ಎಂದು ಅವಳು ಓದಿದಳು, "ಪಂಡಿತರು ತಮ್ಮ ಕೊಡೆಯನ್ನು ಅರ್ಧ ಬಿಚ್ಚಿ, ಕಡ್ಡಿಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಹೋಳಿಗೆಯನ್ನು ಹೊರಗೆ ತೆಗೆದರಂತೆ." ಶಾಮಿಯಾನ ಒಮ್ಮೆಲೇ ಭೋರೆಂದಿತು. ಈಗ ತಾನೇ ಊರಿಗೆಲ್ಲ ಬುದ್ಧಿ ಹೇಳಿದವನು! "ಕಳ್ಳ ನನ್ಮಗ ಪಂಡಿತ!" ಎಂದು ಯಾರೋ ತೊಡೆ ತಟ್ಟಿದರು. ಉಚ್ಚಂಗಪ್ಪನವರಿಗೆ ನಗು ಒತ್ತರಿಸಿ ಕೆಮ್ಮು ಬಂದು, ಶಾಲಿನಿ ನೀರಿನ ಬಾಟಲಿ ಹಿಡಿದು ಓಡಬೇಕಾಯಿತು. ಯಶೋಧರಾ ಇನ್ನೂ ಏನೋ ಓದುತ್ತಿದ್ದಳು. ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಸಣ್ಣಬೀರಪ್ಪನ ಪುಸ್ತಕದಲ್ಲಿ ಪದ್ಮನಾಭ ಪಂಡಿತ ನಗೆಪಾಟಲಿನ ಮನುಷ್ಯನಾಗಿದ್ದ, ಅಷ್ಟೇ. ಅವನನ್ನು ನೀಚನನ್ನಾಗಿ ಮಾಡಲು ಶಿವರಾಮ ಮೇಷ್ಟ್ರೇ ಬೇಕಾದರು.

ಆ ನಗು ಪೂರ್ತಿ ಇಳಿಯುವ ಮೊದಲೇ ಅವರ ಹೆಸರು ಕೂಗಿದರು. ಯಂತ್ರದ ಬರಹವನ್ನು ಎಲ್ಲರಿಗಿಂತ ಹೆಚ್ಚು ತಿದ್ದಿದವರು ಶಿವರಾಮ ಮೇಷ್ಟ್ರು ಎಂದು ಕಂಪ್ಯೂಟರೇ ಲೆಕ್ಕ ಹಾಕಿ ಹೇಳಿದೆಯಂತೆ. ಒಂದೊಂದು ಪುಟದಲ್ಲಂತೂ ಒಂದು ಸಾಲನ್ನೂ ಬಿಡದೆ ತಿದ್ದಿದ್ದಾರಂತೆ. ಶಾಲು ಹೊದಿಸಿದರು, ಪೇಟ ಇಟ್ಟರು. ಫೋಟೋದವನು ನಗಿ ಸಾರ್ ಎಂದ, ನಕ್ಕರು. ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯಿತು. ಕೆಳಗಿಳಿಯುವಾಗ ಯಶೋಧರಾ ಬಗ್ಗಿ ಕಾಲು ಮುಟ್ಟಿ, "ನಮ್ಮಪ್ಪಾಜಿ ಪುಸ್ತಕ ನಿಮ್ಮ ಕೈಯಿಂದ ಉಳೀತು ಮೇಷ್ಟ್ರೆ" ಎಂದಳು. ಅವಳ ತಲೆಯ ಮೇಲೆ ಕೈ ಇಡುವಾಗ ಅವರಿಗೆ, ಈ ಕ್ಷಣ ನೆಲ ಬಿರಿದು ತನ್ನನ್ನು ನುಂಗಿದರೂ ಪೇಟವನ್ನು ಮಾತ್ರ ಬಾಡಿಗೆಯವನು ಬಂದು ವಾಪಸು ಕೇಳುತ್ತಾನೆ ಎಂಬ ಹುಚ್ಚು ಯೋಚನೆ ಬಂತು.

ಹೇಮಂತನನ್ನು ಅವರು ಊಟದ ಪೆಂಡಾಲಿನ ಹಿಂದೆ, ಕೈ ತೊಳೆಯುವ ಡ್ರಮ್ಮಿನ ಹತ್ತಿರ ಹಿಡಿದರು. "ಒಂದು ಪುಟದಲ್ಲಿ ಸ್ವಲ್ಪ ತಪ್ಪಾಗಿದೆಯಪ್ಪ. ಆ ಚಿತ್ರ ಇನ್ನೊಂದು ಸಲ ತೋರಿಸು, ಇದ್ದ ಹಾಗೆ ಮಾಡಿಬಿಡ್ತೇನೆ."

"ನಿಮ್ಮ ಪುಟದಲ್ಲಿ ತಪ್ಪಾ! ತಮಾಷೆ ಮಾಡ್ಬೇಡಿ ಸರ್. ಚಿತ್ರ ಎಲ್ಲ ಅಳಿಸಿಬಿಟ್ವಿ, ತುಂಬ ಜಾಗ ತಿಂತಾವೆ. ನಿಮ್ಮಂಥೋರು ತಿದ್ದಿದ ಮೇಲೆ ಚಿತ್ರ ಯಾಕೆ?"

"ಹಾಳೆ? ಹಾಳೆಯಾದರೂ..."

"ಬೆನ್ನು ಕತ್ತರಿಸಿದ್ದನ್ನ ವಾಪಸ್ ಬೀರುವಲ್ಲಿ ಇಡೋಕೆ ಆಗುತ್ತಾ ಸರ್? ಗುಜರಿಗೆ ಹಾಕಿದ್ವಿ. ಈ ಸ್ಯಾನಿಟೈಸರ್ ಅದೇ ದುಡ್ಡಲ್ಲಿ ಬಂದಿರೋದು." ಅವರ ಅಂಗೈಗೆ ಎರಡು ತೊಟ್ಟು ಹಾಕಿದ.

ಊಟ ಮಾಡಲಾಗಲಿಲ್ಲ. ಎಲೆಯ ಮುಂದೆ ಕೂತು ಎದ್ದರು. ಅದನ್ನು ಕಂಡ ಶಾಲಿನಿ ಹಿಂದೆಯೇ ಓಡಿ ಬಂದು, "ಅಮ್ಮಾರಿಗೆ ತಗಂಡ್ ಹೋಗ್ರಿ ಮೇಷ್ಟ್ರೆ" ಎಂದು ಹೋಳಿಗೆಯ ಪೊಟ್ಟಣವನ್ನು ಕೈಗಿತ್ತಳು. ಮೇಷ್ಟ್ರು ಅದನ್ನು ಹಿಡಿದುಕೊಂಡೇ ಬೀದಿಗೆ ಇಳಿದರು. ದಾರಿಯಲ್ಲಿ ಮಂಡಕ್ಕಿ ಗಾಡಿ ಕಂಡಿತು. ಹೆಗಲ ಮೇಲೆ ಜರಿ ಶಾಲು, ಒಂದು ಕೈಯಲ್ಲಿ ಹೋಳಿಗೆ. ಮೇಷ್ಟ್ರು ಗಾಡಿಯ ಮುಂದೆ ನಿಂತು ಮಿರ್ಚಿ ಕೇಳಿದರು. ಮಿರ್ಚಿ ಕಟ್ಟಿಕೊಟ್ಟ ಕಾಗದವನ್ನು ಬಿಚ್ಚಿ, ಎಣ್ಣೆ ಒರೆಸಿ, ಬಿಸಿಲಿಗೆ ಹಿಡಿದು ನೋಡಿದರು. ಯಾವುದೋ ಶಾಲೆಯ ಗಣಿತದ ಪ್ರಶ್ನೆಪತ್ರಿಕೆ. ಇನ್ನೊಂದು ಕೇಳಿದರು. ಅದೂ ಗಣಿತವೇ. "ನಾಲಿಗೆ ಖಾರ ಕೇಳ್ತೇನ್ರಿ ಸಾಹೇಬ್ರೆ?" ಎಂದು ಗಾಡಿಯವನು ನಕ್ಕ. ಎರಡೂ ಮಿರ್ಚಿಯನ್ನು ಮೇಷ್ಟ್ರು ಮೂಲೆಯಲ್ಲಿ ಮಲಗಿದ್ದ ನಾಯಿಗೆ ಹಾಕಿದರು. ಅದು ಮೂಸಿ ನೋಡಿ ಆಚೆ ಹೋಗಿ ಮಲಗಿತು. ಸಣ್ಣಬೀರಪ್ಪ ಬರೆದ ಆ ಪುಟ ಈಗ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಅದು ಪೂರ್ತಿ ಇರುವುದು, ಅಲ್ಪವಿರಾಮ ಸಮೇತ, ತಮ್ಮ ತಲೆಯೊಳಗೆ ಮಾತ್ರ ಎಂದು ತಿಳಿದಾಗ ಅವರಿಗೆ ನಿಜಕ್ಕೂ ಹೆದರಿಕೆಯಾಯಿತು.

ನಾಗವೇಣಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಶಾಲನ್ನು ಮುಟ್ಟಿ ನೋಡಿ, ಪಾಲಿಯೆಸ್ಟರು ಎಂದು ತೀರ್ಪು ಕೊಟ್ಟಳು. ಪೊಟ್ಟಣದ ಕಡೆ ನೋಡಿದಳು.

"ಹೋಳಿಗೆ," ಎಂದರು ಮೇಷ್ಟ್ರು. "ಅವರೇ ಕಟ್ಟಿಕೊಟ್ಟರು."

ಅವಳು ತಲೆಯೆತ್ತಿ ಅವರನ್ನೇ ನೋಡಿದಳು. ತುಟಿಯ ಮೂಲೆ ಸ್ವಲ್ಪ ಅಲುಗಿತು. "ಅವತ್ತೂ ಹಾಗೇ ಹೇಳಿದ್ರಿ."

"ಇವತ್ತು ನಿಜವಾಗಿಯೂ..." ಎಂದವರು ಅಲ್ಲಿಗೇ ನಿಂತರು. ಮೆಟ್ಟಿಲ ಮೇಲೆ ಕೂತರು. "ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಎಂತ. ಸಣ್ಣಬೀರಪ್ಪನ ಪುಸ್ತಕ ಬಂತಲ್ಲ, ಆನವಟ್ಟಿ ಲೈಬ್ರರಿಯಿಂದ ತರ್ಸಿ ಓದಿದೆ. ನೀವು ಶಾಲೆಗೆ ಹೋದ ಮೇಲೆ. ನಂಗೆ ಅವತ್ತು ಹೋಳಿಗೆ ತಂದುಕೊಟ್ರು ಅಂತ ಅವ್ನ ಹೆಂಡ್ತಿ ಹುಲಿಯಮ್ಮಂಗೆ ನಲ್ಲಿ ಹತ್ರ ನಾನೇ ಹೇಳಿದ್ದು. ಅದ್ರಿಂದ ಅವ್ನು ಬರ್ದ. ಎಷ್ಟು ಚೆಂದ ಬರ್ದಿದ್ದ. ಬೇಜಾರಾದಾಗ ಆ ಪುಸ್ತಕ ಮತ್ತೆ ಮತ್ತೆ ತರ್ಸಿ ಆ ಎರಡು ಪುಟ ಓದ್ತಿದ್ದೆ, ಕಣ್ಣು ನೆಟ್ಟಗಿರೋ ತನಕ." ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ನಿಮ್ಮ ಬಗ್ಗೆ ಯಾರಾದ್ರೂ ಒಳ್ಳೇದು ಬರ್ದಿದ್ದು ಅಂದ್ರೆ ಅದೊಂದೇ ಅಲ್ದಾ. ಈಗ ಫೋನಲ್ಲಿ ಬರ್ತದಂತಲ್ಲ. ಓದಿ, ಕೇಳುವ."

ಇಷ್ಟು ವರ್ಷ ಇವಳಿಂದ ಬಚ್ಚಿಟ್ಟೆನೆಂದು ತಿಳಿದು ಎಷ್ಟು ಕೊಡೆಗಳನ್ನು ದೂರವಿಟ್ಟೆ, ಎಷ್ಟು ಬಿಸಿಲು ತಲೆಯ ಮೇಲೆ ತೆಗೆದುಕೊಂಡೆ! ಮೇಷ್ಟ್ರು ಫೋನು ತೆಗೆದರು. ಪುಟ ಬಂತು. ತಮ್ಮದೇ ಕನ್ನಡ, ಒಂದು ಕಡೆಯೂ ಎಡವದ, ಇಸ್ತ್ರಿ ಮಾಡಿದ ಕನ್ನಡ. ನನ್ನ ಕೊಡೆಯಿಂದ. ಬಚ್ಚಿಡಬಾರದು. ಅವರು ಅದನ್ನು ನೋಡಿದರು, ಕಣ್ಣು ಅದರ ಮೇಲೆಯೇ ಇಟ್ಟುಕೊಂಡು, ಅಲ್ಲಿ ಇಲ್ಲದ್ದನ್ನು ಓದತೊಡಗಿದರು.

"ಹೆಡ್ ಮೇಷ್ಟ್ರು ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಪಂಡಿತರೇ ಕೊಡೆ ಬಿಚ್ಚಬಾರದೇ ಎಂದರು. ಪಂಡಿತರು, ಬಿಸಿಲು ಮೈಗೆ ಒಳ್ಳೇದು ಸಾರ್ ಎಂದರು." ನಾಗವೇಣಿ ಆಗಲೇ ಕಿಸಕ್ಕನೆ ನಕ್ಕಳು. ಮೇಷ್ಟ್ರು ಓದುವುದನ್ನು ನಿಲ್ಲಿಸಲಿಲ್ಲ. "ಹೆಡ್ ಮೇಷ್ಟ್ರು ತಾವೇ ಕಸಿದುಕೊಂಡು ಕೊಡೆ ಬಿಚ್ಚಿದರು. ಕೊಡೆಯೊಳಗಿನಿಂದ ಒಂದು ಹೋಳಿಗೆ..."

"ಒಂದು ಅಲ್ಲ. ಹೋಳಿಗೆ ಮಳೆ ಅಂತ ಉಂಟು ಅದ್ರಲ್ಲಿ. ಸರಿಯಾಗಿ ಓದಿ."

"ಹೋಳಿಗೆಯ ಮಳೆಯೇ ಸುರಿಯಿತು," ಎಂದು ತಿದ್ದಿಕೊಂಡು ಓದಿದರು ಮೇಷ್ಟ್ರು. "ಹೆಡ್ ಮೇಷ್ಟ್ರ ತಲೆಯ ಮೇಲೆ, ಹೆಗಲ ಮೇಲೆ, ಮದುಮಗನ ಸೋದರಮಾವನ ಪೇಟದ ಮೇಲೆ. ಪಂಡಿತರು ಬಿಸಿಲಿನಲ್ಲಿ ನಿಂತೇ ಇದ್ದರು. ಆಗ ನಾವೆಲ್ಲ ನಕ್ಕೆವು. ಆದರೆ..."

"ಹ್ಞೂ, ಮುಂದಿನ ಪುಟ."

ಮುಂದಿನ ಪುಟ ತೆರೆದರು. ಈಗ ನಿಜವಾಗಿ ಓದಬೇಕಾಯಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡದ್ದು, ಕಡ್ಡಿಯ ನಡುವಿನ ಹೋಳಿಗೆ, ಅವರೇ ಕಟ್ಟಿಕೊಟ್ಟರು ಎಂದದ್ದು. ಬಸುರಿ ಹೆಂಡತಿ ಅರ್ಧ ಮುರಿದು ಕೊಡಲು ಬಂದರೆ, ನನಗೆ ಹೊಟ್ಟೆ ಬಿರಿಯುವಷ್ಟಾಗಿದೆ ಎಂದದ್ದು. ಅದರ ಕೆಳಗೆ, ಶಾಮಿಯಾನದ ನಗುವಿನಲ್ಲಿ ಯಾರಿಗೂ ಕೇಳಿಸದ ಸಾಲು ಇತ್ತು. ಮೇಷ್ಟ್ರು ಅದನ್ನು ಮೊದಲು ಮನಸ್ಸಿನಲ್ಲಿ ಓದಿಕೊಂಡರು. ಆಮೇಲೆ ಗಟ್ಟಿಯಾಗಿ ಓದಿದರು. "ಆ ದಿನ ಪಂಡಿತರು ತಮ್ಮ ಎಲೆಗೆ ಬಡಿಸಿದ ಹೋಳಿಗೆಯನ್ನು ಬಾಯಿಗೆ ಇಡಲಿಲ್ಲ. ಕೊಡೆಯೊಳಗೆ ಹೋದದ್ದು ಅವರ ಪಾಲೇ. ಪಕ್ಕದ ಎಲೆಯಲ್ಲಿ ಕೂತಿದ್ದ ನಾನು ನೋಡಿದ್ದೇನೆ."

ನಾಗವೇಣಿ ಪೊಟ್ಟಣ ಬಿಚ್ಚಿ ಹೋಳಿಗೆಯನ್ನು ಮುರಿಯುತ್ತಿದ್ದಳು. "ಆ ಸಾಲು ಹಾಗೇ ಉಂಟಲ್ಲ," ಎಂದಳು.

"ಹಾಗೇ ಇದೆ," ಎಂದರು ಮೇಷ್ಟ್ರು. "ಆ ಪುಟ ನನಗೆ ತಿದ್ದೋಕೆ ಬಂದಿರಲಿಲ್ಲ."